ಹೂಂ ಎನ್ನದ ಬಮ್ಮಲೆ

ಬಹಳ ಬಹಳ ಹಿಂದೆ, ಬೆಟ್ಟಗಳಿಗೂ ಕಿವಿ ಇದ್ದ ಕಾಲದಲ್ಲಿ, ಚೆಲುವಗಿರಿ ಎಂಬ ರಾಜ್ಯವೊಂದಿತ್ತು. ಅದನ್ನು ಧವಳಸೇನನೆಂಬ ಅರಸ ಆಳುತ್ತಿದ್ದ. ಅರಸ ಒಳ್ಳೆಯವನೇ. ಕಳ್ಳರಿಗೆ ಹೆದರುತ್ತಿರಲಿಲ್ಲ, ಶತ್ರುಗಳಿಗೂ ಹೆದರುತ್ತಿರಲಿಲ್ಲ. ಆದರೆ ಯಾರಾದರೂ ಪ್ರಶ್ನೆ ಕೇಳಿದರೆ ಅವನಿಗೆ ತಲೆನೋವು ಬರುತ್ತಿತ್ತು.

ಅರಸನಿಗೆ ತಲೆನೋವು ಬರಬಾರದೆಂದು ಆ ರಾಜ್ಯದಲ್ಲಿ ಒಂದು ಪದ್ಧತಿ ಬೆಳೆದಿತ್ತು. ಅರಸ ಏನು ಹೇಳಿದರೂ ದೊಡ್ಡವರು "ಹೂಂ" ಎನ್ನಬೇಕು. ದೊಡ್ಡವರು ಏನು ಹೇಳಿದರೂ ಚಿಕ್ಕವರು "ಹೂಂ" ಎನ್ನಬೇಕು. ಪಾಠಶಾಲೆಯಲ್ಲಿ ಗುರುಗಳು ಒಂದು ಸಾಲು ಹೇಳುವರು, ಮಕ್ಕಳೆಲ್ಲ ಒಂದೇ ಕಂಠದಲ್ಲಿ "ಹೂಂ" ಎನ್ನುವರು. ಪಾಠ ಬೇಗ ಮುಗಿಯುತ್ತಿತ್ತು. ಎಲ್ಲರಿಗೂ ಸುಖವಾಗಿತ್ತು.

ಅರಸನಿಗೆ ಒಬ್ಬಳೇ ಮಗಳು. ಹೆಸರು ಬಮ್ಮಲೆ. ರಾಣಿ ತೀರಿಹೋದಾಗ ಅವಳಿನ್ನೂ ತೊಟ್ಟಿಲ ಕೂಸು. ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅರಸನ ಅಕ್ಕ ಕೇತಲದೇವಿ. ಬಮ್ಮಲೆಗೆ ಅವಳು ಕೇತಲತ್ತೆ. ದಪ್ಪನೆಯ ಮೈ, ಮೆತ್ತನೆಯ ಮಡಿಲು, ಬಾಯಲ್ಲಿ ಸದಾ ಒಂದು ಲವಂಗ. ಅವಳ ಹತ್ತಿರ ಓಲೆಗರಿಯ ಕತೆಗಳ ದೊಡ್ಡ ಪೆಟ್ಟಿಗೆಯೇ ಇತ್ತು. ಸಂಜೆಯಾಯಿತೆಂದರೆ ದೀಪ ಹಚ್ಚಿ, ಒಂದು ಕಟ್ಟಿನ ದಾರ ಬಿಚ್ಚಿ, ಬಮ್ಮಲೆಯನ್ನು ಮಡಿಲಲ್ಲಿ ಕೂರಿಸಿಕೊಂಡು ಓದುವಳು.

ಆದರೆ ಕೇತಲತ್ತೆ ಓದುವ ರೀತಿಯೇ ಬೇರೆ. ಕತೆ ನಡುವಿಗೆ ಬರುತ್ತಿದ್ದಂತೆ ಓಲೆಗಳನ್ನು ಮುಚ್ಚಿ, ಮೇಲೆ ಕೈ ಇಟ್ಟು, ಬಮ್ಮಲೆಯ ಮುಖ ನೋಡುವಳು.

ಉಪ್ಪಿನ ಅರಮನೆಯ ರಾಣಿಯ ಕತೆ ಬಮ್ಮಲೆಗೆ ಬಹಳ ಇಷ್ಟ. ಒಬ್ಬ ರಾಣಿಯ ಅರಮನೆಯ ಗೋಡೆ ಉಪ್ಪು, ಕಂಬ ಉಪ್ಪು, ಚಾವಣಿ ಉಪ್ಪು. ಒಂದು ದಿನ ಆಕಾಶದ ತುಂಬ ಕರಿಮೋಡ ಕವಿಯಿತು. ರಾಣಿ ಸೇವಕರನ್ನು ಕರೆದು, "ಬಾಗಿಲುಗಳನ್ನೆಲ್ಲ ತೆರೆಯಿರಿ" ಅಂದಳು.

ಅಲ್ಲಿಗೆ ಕೇತಲತ್ತೆ ಓಲೆ ಮುಚ್ಚಿದಳು. "ಯಾಕೆ ಹಾಗಂದಳು, ಹೇಳು."

ಬಮ್ಮಲೆ ಆಗ ತೀರ ಚಿಕ್ಕವಳು. "ಓಡಿಹೋಗೋದಕ್ಕೆ" ಅಂದಳು.

"ಓಡಿಹೋಗುವವಳು ತಾನು ಸಿಂಹಾಸನದಲ್ಲಿ ಯಾಕೆ ಕೂತಳು? ನೋಡು, ಓಲೆಯಲ್ಲಿ ಹಾಗೇ ಬರೆದಿದೆ."

ಬಮ್ಮಲೆ ಯೋಚಿಸಿದಳು. ಯೋಚಿಸುತ್ತ ಯೋಚಿಸುತ್ತ ನಿದ್ದೆಹೋದಳು. ಮರುವರ್ಷ ಅದೇ ಕತೆ ಬಂದಾಗ ಅವಳೇ ಓಲೆಯ ಅಕ್ಷರ ಕೂಡಿಸಿ ಓದುತ್ತಿದ್ದಳು. "ಅತ್ತೆ, ಮಳೆಯಲ್ಲಿ ನೆನೆಯೋರು ಒಳಗೆ ಬರಲಿ ಅಂತ" ಅಂದಳು.

"ಹೇಗೆ ಗೊತ್ತು?"

"ಇಲ್ಲಿ ನೋಡು, ಮೊದಲೇ ಬರೆದಿದೆ. ಗೋಡೆ ನೆಕ್ಕೋಕೆ ಬಂದ ಮೇಕೆಗಳನ್ನೂ ಅವಳು ಓಡಿಸಲಿಲ್ಲ ಅಂತ. ಅಂಥವಳು ಜನರನ್ನ ಹೊರಗೆ ಬಿಡ್ತಾಳಾ?"

ಕೇತಲತ್ತೆ ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. ಬಾಯಲ್ಲಿದ್ದ ಲವಂಗವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸಿ, ಬಮ್ಮಲೆಯ ನೆತ್ತಿಗೆ ಮುತ್ತಿಟ್ಟಳು. ಬಮ್ಮಲೆಗೆ ಅದೇ ದೊಡ್ಡ ಬಹುಮಾನ.

ಅರಸನಿಗೆ ಇದು ಸರಿಬರುತ್ತಿರಲಿಲ್ಲ. "ಅಕ್ಕಾ, ಕತೆ ಅಂದರೆ ಸುಳ್ಳು. ಸುಳ್ಳು ಓದಿದರೆ ಮಗುವಿಗೆ ಬುದ್ಧಿ ಬರುತ್ತದೆಯೇ? ನಾಲ್ಕು ಒಳ್ಳೆಯ ಮಾತು ಬಾಯಿಪಾಠ ಮಾಡಿಸಬಾರದೇ?" ಎಂದು ಕೇಳಿದ.

"ತಮ್ಮಾ, ಸುಳ್ಳು ಅಂತ ಗೊತ್ತಿದ್ದೇ ಓದುತ್ತಾಳೆ. ಹಾಗೆ ಓದಿ ಓದಿ, ನಿಜವೆಂದು ಹೇಳಿಕೊಂಡು ಬರುವ ಸುಳ್ಳನ್ನು ಗುರುತು ಹಿಡಿಯುತ್ತಾಳೆ" ಅಂದಳು ಕೇತಲತ್ತೆ.

ಅರಸನಿಗೆ ತಲೆನೋವು ಬಂತು. ಅವನು ಎದ್ದು ಹೋದ.

ಹೀಗಿರಲು ಒಂದು ಬೆಳಿಗ್ಗೆ ಚೆಲುವಗಿರಿಯ ಕೋಟೆಬಾಗಿಲಿಗೆ ಒಬ್ಬ ಮಾಂತ್ರಿಕ ಬಂದ. ಅವನ ಹೆಸರು ಮಧುಜಿಹ್ವ. ಮೈಮೇಲೆ ಜೇನಿನ ಬಣ್ಣದ ಶಾಲು, ಗಡ್ಡದ ಸುತ್ತ ಗುಂಯ್ ಎನ್ನುವ ಜೇನುಹುಳುಗಳು. ಅವನ ಮಾತು ಎಷ್ಟು ಸಿಹಿಯೆಂದರೆ ಕೇಳಿದವರಿಗೆ ನಾಲಗೆ ಚಪ್ಪರಿಸಬೇಕೆನಿಸುತ್ತಿತ್ತು. ಅವನು ಮೊದಲು ಕಾವಲುಗಾರರ ಹತ್ತಿರ ನಿಂತ.

"ಪಾಪ, ದಿನವಿಡೀ ಕತ್ತು ಚಾಚಿ ನಿಲ್ಲುತ್ತೀರಿ. ನೀವು ಥೇಟು ಬಾತುಗಳೇ, ಅಲ್ಲವೇ?"

ಕಾವಲುಗಾರರು ರೂಢಿಯಂತೆ "ಹೂಂ" ಅಂದರು. ಅಂದಕೂಡಲೇ ಈಟಿಗಳು ನೆಲಕ್ಕೆ ಬಿದ್ದವು. ಕಾವಲುಗಾರರಿದ್ದ ಜಾಗದಲ್ಲಿ ಬಾತುಗಳು ಕ್ವಾಕ್ ಕ್ವಾಕ್ ಎನ್ನುತ್ತ ಓಡಾಡಿದವು.

ಮಾಂತ್ರಿಕ ಪಾಠಶಾಲೆಗೆ ಹೋದ. "ಮಕ್ಕಳೇ, ನೀವೆಲ್ಲ ಗಿಣಿಗಳು, ಅಲ್ಲವೇ?" ಮಕ್ಕಳೆಲ್ಲ ಒಂದೇ ಕಂಠದಲ್ಲಿ "ಹೂಂ" ಅಂದರು. ಪಾಠಶಾಲೆಯ ತುಂಬ ಹಸಿರು ರೆಕ್ಕೆಗಳು ಪಟಪಟ ಬಡಿದವು. ಮಾಂತ್ರಿಕ ಪೇಟೆಗೆ ಹೋದ. ಪೇಟೆ ಕುರಿ ಮೇಕೆಗಳಿಂದ ತುಂಬಿತು. ಆಮೇಲೆ ಅರಸನ ಓಲಗಕ್ಕೆ ಬಂದ.

"ಪ್ರಭು, ರಾಜ್ಯಭಾರ ಮಾಡಿ ಮಾಡಿ ದಣಿದಿದ್ದೀರಿ. ಕೆಸರಲ್ಲಿ ಮಲಗಿ ಮೆಲುಕು ಹಾಕುವ ಕೋಣನ ಬಾಳೇ ಚೆನ್ನ, ಅಲ್ಲವೇ?"

ಅರಸನಿಗೆ ಆ ದಿನ ನಿಜಕ್ಕೂ ದಣಿವಾಗಿತ್ತು. ಅವನು ನಿಟ್ಟುಸಿರು ಬಿಟ್ಟು "ಹೂಂ" ಅಂದ. ಸಿಂಹಾಸನ ಮುರಿದು ಬಿತ್ತು. ಅದರ ಮೇಲೆ ಕಪ್ಪನೆಯ ಕೋಣವೊಂದು ಕೂತಿತ್ತು. ಕೊಂಬಿಗೆ ಕಿರೀಟ ಸಿಕ್ಕಿಕೊಂಡಿತ್ತು.

ಬಮ್ಮಲೆ ಇದನ್ನೆಲ್ಲ ಉಪ್ಪರಿಗೆಯ ಕಿಂಡಿಯಿಂದ ನೋಡಿದಳು. ಅತ್ತೆಯನ್ನು ಹುಡುಕಲು ತೋಟಕ್ಕೆ ಓಡಿದಳು. ಮಾಂತ್ರಿಕ ಅಲ್ಲಿ ಎದುರಾದ.

"ಮುದ್ದು ಮಗು, ನೀನು ಚಿಟ್ಟೆಯಾದರೆ ಎಷ್ಟು ಚೆನ್ನ, ಅಲ್ಲವೇ?"

"ಯಾಕೆ?" ಅಂದಳು ಬಮ್ಮಲೆ. ಧೈರ್ಯದಿಂದ ಅಂದದ್ದಲ್ಲ. ಅವಳ ಬಾಯಿಗೆ ಆ ಮಾತೇ ರೂಢಿ.

"ಚಿಟ್ಟೆಗೆ ರೆಕ್ಕೆ ಇರುತ್ತದೆ."

"ರೆಕ್ಕೆ ಇದ್ದರೆ ಚೆನ್ನ ಅಂತ ಚಿಟ್ಟೆ ನಿನಗೆ ಹೇಳಿತಾ?"

ಜೇನುಹುಳುಗಳು ಗಡ್ಡ ಬಿಟ್ಟು ದಿಕ್ಕೆಟ್ಟು ಹಾರಿದವು. ಮಾಂತ್ರಿಕನ ಮುಖ ಹುಳ್ಳಗಾಯಿತು. ಅವನು ತಿರುಗಿ, ಅರಮನೆಯ ಮೆಟ್ಟಿಲು ಹತ್ತಿದ. ಮೇಲೆ ಕೇತಲತ್ತೆ ಮಗುವನ್ನು ಹುಡುಕುತ್ತ ನಿಂತಿದ್ದಳು.

"ತಾಯಿ, ನಿಮ್ಮ ಬಮ್ಮಲೆ ತೋಟದ ಕೊಳಕ್ಕೆ ಬಿದ್ದಿದ್ದಾಳೆ. ಅಳಿಲಿನ ಹಾಗೆ ಓಡಬೇಕು ನೀವು, ಅಲ್ಲವೇ?"

"ಹೂಂ, ಹೂಂ" ಎನ್ನುತ್ತಲೇ ಕೇತಲತ್ತೆ ಮೆಟ್ಟಿಲಿಳಿದಳು. ನಾಲ್ಕನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಅವಳು ಅಳಿಲಾಗಿದ್ದಳು. ಆದರೂ ನಿಲ್ಲಲಿಲ್ಲ. ಕೊಳದ ತನಕ ಓಡಿ, ದಡದಲ್ಲಿ ನಿಂತು, ನೀರನ್ನೇ ನೋಡುತ್ತ ಚಿಂವ್ ಚಿಂವ್ ಎಂದು ಕೂಗುತ್ತಿತ್ತು ಆ ಅಳಿಲು. ಬಾಯಿಂದ ಒಂದು ಲವಂಗ ಉದುರಿತು.

ಬಮ್ಮಲೆ ಅದನ್ನು ನೋಡಿದಳು. ಅರ್ಥವಾಯಿತು. ಓಡಿ ಬಂದು ಅಳಿಲನ್ನು ಎತ್ತಿ ಎದೆಗೆ ಒತ್ತಿಕೊಂಡಳು. "ನಾನು ಇಲ್ಲೇ ಇದ್ದೀನಿ ಅತ್ತೆ. ಮುಳುಗಿಲ್ಲ. ಅಳಬೇಡ." ಹಾಗೆಂದು ತಾನೇ ಅತ್ತಳು.

ಮಧುಜಿಹ್ವ ಕೋಣ, ಬಾತು, ಗಿಣಿ, ಕುರಿ, ಮೇಕೆಗಳನ್ನೆಲ್ಲ ಒಂದು ಹಿಂಡು ಮಾಡಿಕೊಂಡು ಹೊರಟ. ಹೋಗುವಾಗ ಕೋಟೆಬಾಗಿಲಿನಲ್ಲಿ ನಿಂತು ಕೂಗಿ ಹೇಳಿದ: "ಇನ್ನು ಈ ಊರಲ್ಲಿ ಯಾರೂ ಇಲ್ಲ. ಹೂಂ ಅಂದವರು ಮಾತು ಹೇಳಿದವನ ವಶ. ಇದು ನನ್ನ ಮಂತ್ರ."

ಬಮ್ಮಲೆ ಖಾಲಿ ಊರಲ್ಲಿ ಕೂತು ಯೋಚಿಸಿದಳು. ಅತ್ತೆ ಇದ್ದಿದ್ದರೆ ಏನು ಕೇಳುತ್ತಿದ್ದಳು? 'ಏನಾಯಿತು, ಮೊದಲಿಂದ ಹೇಳು' ಎನ್ನುತ್ತಿದ್ದಳು. ಬಮ್ಮಲೆ ಅಳಿಲಿಗೆ ಮೊದಲಿಂದ ಹೇಳಿದಳು. "ಕಾವಲುಗಾರರು ಹೂಂ ಅಂದರು, ಬದಲಾದರು. ಮಕ್ಕಳು ಹೂಂ ಅಂದರು, ಬದಲಾದರು. ಅಪ್ಪ, ನೀನು, ಎಲ್ಲರೂ ಹಾಗೇ. ನಾನು ಅನ್ನಲಿಲ್ಲ, ಬದಲಾಗಲಿಲ್ಲ. ಅಂದರೆ ಹೂಂ ಅನ್ನದೆ ಇದ್ದರೆ ಅವನ ಹತ್ತಿರ ಹೋಗಬಹುದು ಅತ್ತೆ. ಹೋಗಿ ಏನು ಮಾಡೋದು ಅಂತ ಗೊತ್ತಿಲ್ಲ. ಹೋಗದೆ ಇದ್ದರೆ ಏನೂ ಆಗೋದಿಲ್ಲ, ಅದು ಗೊತ್ತು."

ಅಳಿಲು ಅವಳ ಹೆಬ್ಬೆರಳು ನೆಕ್ಕಿತು. ಬಮ್ಮಲೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಹಿಂಡಿನ ಜಾಡು ಹಿಡಿದು ಹೊರಟಳು. ಮಾಂತ್ರಿಕನ ಕೋಟೆ ಮರುದನಿ ಬೆಟ್ಟದ ಮೇಲಿತ್ತು.

ನಡೆದು ನಡೆದು ಒಂದು ಕಮರಿ ಸಿಕ್ಕಿತು. ಕಮರಿಯ ಮೇಲೆ ಚೆಂದದ ಸೇತುವೆ. ಮೈತುಂಬ ಕಂದು ಹಳದಿಯ ಚಿತ್ತಾರ. ಪಕ್ಕದಲ್ಲೊಂದು ಬಿಳಿಯ ಮೊಲ ಕೂತಿತ್ತು.

"ಬಾ ಮಗು, ಇದು ನಿನ್ನ ಅಜ್ಜನೇ ಕಟ್ಟಿಸಿದ ಸೇತುವೆ. ಗಟ್ಟಿಮುಟ್ಟಾಗಿದೆ. ನಾಲ್ಕು ಹೆಜ್ಜೆ ಇಟ್ಟರೆ ಆಚೆ ದಡ, ಅಲ್ಲವೇ?"

ಬಮ್ಮಲೆಯ ಕಾಲು ಬಹಳ ನೋಯುತ್ತಿತ್ತು. ಅಜ್ಜನ ಹೆಸರು ಕೇಳಿ ಮನಸ್ಸು ಮೆತ್ತಗಾಯಿತು. ಅವಳು ಒಂದು ಕಾಲನ್ನು ಎತ್ತಿಯೂ ಬಿಟ್ಟಳು. "ಹೂ..." ಎನ್ನುವಷ್ಟರಲ್ಲಿ ಕಣ್ಣು ನೆಲಕ್ಕೆ ಬಿತ್ತು. ಇರುವೆಗಳ ಸಾಲೊಂದು ಸೇತುವೆಯ ಹತ್ತಿರ ಬಂದು, ಅಲ್ಲಿಂದ ತಿರುಗಿ, ಕಮರಿಯೊಳಕ್ಕೆ ಇಳಿದು, ಬೇರುಗಳ ಮೇಲೆ ಸುತ್ತಿಬಳಸಿ ಆಚೆ ದಡಕ್ಕೆ ಹತ್ತುತ್ತಿತ್ತು.

ಬಮ್ಮಲೆ ಕಾಲು ಕೆಳಗಿಟ್ಟಳು. "ಮೊಲವೇ, ಇರುವೆಗಳ ತಲೆಮೇಲೆ ಅಕ್ಕಿಕಾಳಿದೆ. ಭಾರ ಹೊತ್ತವರು ಹತ್ತಿರದ ದಾರಿ ಹಿಡಿಯುತ್ತಾರೆ. ಇವು ಯಾಕೆ ಸುತ್ತಿಕೊಂಡು ಹೋಗುತ್ತಿವೆ?"

"ಇರುವೆಗೇನು ತಿಳಿಯುತ್ತದೆ?" ಅಂದಿತು ಮೊಲ.

"ಇಲ್ಲೇ ಓಡಾಡುವುದು ಅವು. ನಾನು ಇವತ್ತು ಬಂದವಳು." ಹಾಗೆಂದು ಬಮ್ಮಲೆ ಒಂದು ಮುಳ್ಳು ಮುರಿದು ಸೇತುವೆಗೆ ಚುಚ್ಚಿದಳು. ಸೇತುವೆ ಬುಸ್ ಎಂದು ಮೈ ಮುದುರಿತು. ಅದು ಸೇತುವೆಯಲ್ಲ, ಹೆಬ್ಬಾವು. ಮೊಲ ಹೊಗೆಯಾಗಿ ಹೋಯಿತು. ಬಮ್ಮಲೆ ಇರುವೆಗಳ ದಾರಿಯಲ್ಲೇ ಇಳಿದು, ಬೇರು ಹಿಡಿದು, ಮೊಣಕಾಲು ತರಚಿಕೊಂಡು ಆಚೆಗೆ ಹತ್ತಿದಳು. ಅಷ್ಟು ಹೊತ್ತೂ ಅಳಿಲು ಅವಳ ಹೆಗಲ ಮೇಲೆ ಕೂತು ಕಿವಿ ಕಚ್ಚುತ್ತಿತ್ತು. "ಸುಮ್ಮನಿರು ಅತ್ತೆ, ಬೀಳೋದಿಲ್ಲ" ಎಂದು ಬಮ್ಮಲೆಯೇ ಅದಕ್ಕೆ ಧೈರ್ಯ ಹೇಳಬೇಕಾಯಿತು.

ಇನ್ನೂ ಮುಂದೆ ಹೋದಾಗ ದಾರಿ ಎರಡಾಗಿ ಒಡೆಯಿತು. ಬಲಕ್ಕೆ ಕಲ್ಲುಮುಳ್ಳಿನ ಏರು. ಎಡಕ್ಕೆ ಹಸಿರು ಹುಲ್ಲಿನ ಬಯಲು. ಎಡದ ದಾರಿಯ ಬಾಯಲ್ಲಿ ಒಂದು ಒಂಟಿ ಆನೆ ನಿಂತಿತ್ತು. ಕಣ್ಣು ಕೆಂಪು, ಮೈತುಂಬ ಗಾಯ. ಬಮ್ಮಲೆ ಒಂದು ಹೆಜ್ಜೆ ಇಟ್ಟದ್ದೇ ಸೊಂಡಿಲಿನಿಂದ ಕಲ್ಲೆತ್ತಿ ಎಸೆಯಿತು. ಅವಳು ಹೆದರಿ ಮರದ ಹಿಂದೆ ಅಡಗಿದಳು.

ಮರದ ಮೇಲಿಂದ ನವಿಲೊಂದು ಇಳಿದು ಬಂದು ಗರಿ ಬಿಚ್ಚಿತು. "ಮುದ್ದು ಮಗು, ಆ ಆನೆ ಹುಚ್ಚು ಹಿಡಿದ ದುಷ್ಟ. ಹಿಂದಿನಿಂದ ಬಳಸಿ ನನ್ನ ಜೊತೆ ಬಾ. ಈ ಹಸಿರು ಬಯಲು ಎಷ್ಟು ಸೊಗಸು, ಅಲ್ಲವೇ?"

ಬಮ್ಮಲೆಗೆ ನವಿಲು ಚೆಂದ ಕಂಡಿತು, ಆನೆ ಭಯಂಕರವಾಗಿ ಕಂಡಿತು. ಆದರೆ ಅತ್ತೆಯ ಕತೆಗಳಲ್ಲಿ ಚೆಂದವಿದ್ದವರೆಲ್ಲ ಒಳ್ಳೆಯವರಾಗಿರಲಿಲ್ಲ, ಗುಡುಗುವವರೆಲ್ಲ ಕೆಟ್ಟವರಾಗಿರಲಿಲ್ಲ. ಯಾರು ಏನು ಹೇಳಿದರು ಎನ್ನುವುದರ ಜೊತೆಗೆ ಯಾರು ಏನು ಮಾಡಿದರು ಅಂತಲೂ ಅತ್ತೆ ಕೇಳುತ್ತಿದ್ದಳು. ಹಾಗಾಗಿ ಬಮ್ಮಲೆ ಆನೆ ಏನು ಮಾಡುತ್ತದೆಂದು ನೋಡುತ್ತ ಕೂತಳು.

ಎಡಕ್ಕೆ ಹೆಜ್ಜೆ ಇಟ್ಟಳು. ಆನೆ ಕಲ್ಲೆಸೆಯಿತು. ಕಲ್ಲು ಅವಳ ಮುಂದೆ ಬಿತ್ತು. ಬಲಕ್ಕೆ ಹೆಜ್ಜೆ ಇಟ್ಟಳು. ಆನೆ ಸುಮ್ಮನೆ ನಿಂತಿತು. ಮತ್ತೆ ಎಡಕ್ಕೆ ಇಟ್ಟಳು. ಕಲ್ಲು ಮತ್ತೆ ಅವಳ ಮುಂದೆಯೇ ಬಿತ್ತು. ಒಂದೂ ಮೈಗೆ ತಾಗಲಿಲ್ಲ. ಅಷ್ಟು ದೊಡ್ಡ ಆನೆಗೆ ಗುರಿ ತಪ್ಪುತ್ತದೆಯೇ?

"ಅತ್ತೆ, ಇದು ನನ್ನನ್ನ ಹೊಡೆಯುತ್ತಿಲ್ಲ. ತಡೆಯುತ್ತಿದೆ" ಎಂದು ಅವಳು ಅಳಿಲಿನ ಕಿವಿಯಲ್ಲಿ ಹೇಳಿದಳು. ಆಮೇಲೆ ಒಂದು ಉರುಟು ಕಲ್ಲನ್ನು ಎತ್ತಿ ಹಸಿರು ಬಯಲಿಗೆ ಎಸೆದಳು. ಕಲ್ಲು ಹುಲ್ಲಿನ ಮೇಲೆ ಬಿತ್ತು. ಬಿದ್ದು, ಬುಳುಕ್ ಎಂದು ಮುಳುಗಿಹೋಯಿತು. ಬಯಲೆಲ್ಲ ಕೆಸರಿನ ಹುದುಲು. ನವಿಲು ಕೆಟ್ಟದಾಗಿ ಕಿರುಚಿ ಹೊಗೆಯಾಯಿತು.

ಬಮ್ಮಲೆ ಆನೆಯ ಹತ್ತಿರ ಹೋದಳು. ಹೆದರಿಕೆ ಇನ್ನೂ ಇತ್ತು, ಆದರೂ ಹೋದಳು. ಅದರ ಗಾಯದ ಮೇಲೆ ಕೂತಿದ್ದ ನೊಣಗಳನ್ನು ಎಲೆಯಿಂದ ಓಡಿಸಿದಳು. "ನೀನೂ ಯಾವಾಗಲೋ ಹೂಂ ಅಂದವನೇ ಇರಬೇಕು" ಅಂದಳು. ಆನೆ ಅವಳನ್ನು ಸೊಂಡಿಲಿನಿಂದ ಎತ್ತಿ ಬೆನ್ನ ಮೇಲೆ ಕೂರಿಸಿಕೊಂಡು ಕಲ್ಲುಮುಳ್ಳಿನ ದಾರಿ ಹತ್ತಿತು.

ಬೆಟ್ಟದ ತುದಿಯಲ್ಲಿ ಕೋಟೆ. ಆನೆ ಹೊರಗೆ ನಿಂತಿತು. ಕೋಟೆಯ ಬಾಗಿಲಲ್ಲಿ ಯಾರು ನಿಂತಿದ್ದರು ಗೊತ್ತೇ? ಕೇತಲತ್ತೆ. ಅದೇ ದಪ್ಪನೆಯ ಮೈ, ಅದೇ ಸೀರೆ, ಅದೇ ಲವಂಗದ ಪರಿಮಳ.

"ಬಂದೆಯಾ ನನ್ನ ಕಂದಾ. ನಾನು ತಪ್ಪಿಸಿಕೊಂಡು ಇಲ್ಲಿ ಕಾಯುತ್ತಿದ್ದೆ. ನಿನ್ನ ಸೆರಗಿನಲ್ಲಿರುವುದು ಮಾಂತ್ರಿಕನ ಬೇಹಿನ ಅಳಿಲು. ಅದನ್ನು ಆ ಕಂದಕಕ್ಕೆ ಎಸೆದು ನನ್ನ ಹತ್ತಿರ ಬಾ. ನಾನು ನಿನ್ನ ಅತ್ತೆ ಅಲ್ಲವೇ?"

ಬಮ್ಮಲೆಗೆ ಎದೆ ಉಕ್ಕಿ ಬಂತು. ಓಡಿಹೋಗಿ ಆ ಮಡಿಲಲ್ಲಿ ಮುಖ ಮುಚ್ಚಿಕೊಳ್ಳಬೇಕು ಎನಿಸಿತು. ಇಷ್ಟು ದೂರ ಒಬ್ಬಳೇ ಯೋಚಿಸಿ ಅವಳಿಗೆ ಸಾಕಾಗಿತ್ತು. ಸೆರಗಿನಲ್ಲಿದ್ದ ಅಳಿಲಿಗೆ ಮಾತು ಬರುವುದಿಲ್ಲ, ಬಾಗಿಲಲ್ಲಿ ನಿಂತವಳಿಗೆ ಬರುತ್ತದೆ. ಅಳಿಲು ನಡುಗುತ್ತಿತ್ತು. ಆದರೆ ಬೇಹಿನ ಅಳಿಲಾದರೂ ನಡುಗುತ್ತದಲ್ಲವೇ? ನಡುಕದಿಂದ ಏನೂ ಗೊತ್ತಾಗುವುದಿಲ್ಲ.

ಅವಳು ಬಾಗಿಲಿಂದ ಸ್ವಲ್ಪ ದೂರದಲ್ಲೇ ಕುಳಿತಳು. "ಅತ್ತೆ, ಕಾಲು ನೋಯುತ್ತಿದೆ. ಎದ್ದು ಬರುವ ಮೊದಲು ಉಪ್ಪಿನ ಅರಮನೆಯ ಕತೆ ಹೇಳು."

ಬಾಗಿಲಲ್ಲಿದ್ದವಳು ಕತೆ ಹೇಳಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ಗೋಡೆ ಉಪ್ಪು, ಕಂಬ ಉಪ್ಪು, ಚಾವಣಿ ಉಪ್ಪು. ಕರಿಮೋಡ ಕವಿಯಿತು. ರಾಣಿ ಬಾಗಿಲು ತೆರೆಸಿದಳು. ಮಳೆ ಬಂತು. ಗಂಟಲಲ್ಲಿ ಎಣ್ಣೆ ಸುರಿದಂತೆ ಕತೆ ಸರಾಗವಾಗಿ ಕೊನೆಯ ತನಕ ಹರಿದು ಮುಗಿಯಿತು.

ಬಮ್ಮಲೆಯ ಕಣ್ಣಲ್ಲಿ ನೀರು ತುಂಬಿತು. "ನೀನು ನನ್ನ ಅತ್ತೆಯಲ್ಲ" ಅಂದಳು. "ನನ್ನ ಅತ್ತೆ ಯಾವತ್ತೂ ಆ ಕತೆಯನ್ನ ಒಂದೇ ಉಸಿರಿಗೆ ಹೇಳಿದವಳಲ್ಲ. ಬಾಗಿಲು ತೆರೆಯೋ ಕಡೆ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ನಾನು ಏನಂತೀನಿ ಅಂತ ಅವಳಿಗೆ ಬೇಕಾಗಿತ್ತು. ನಿನಗೆ ಬೇಕಿಲ್ಲ."

ಬಾಗಿಲಲ್ಲಿದ್ದ ರೂಪ ಮೇಣದಂತೆ ಕರಗಿ ಇಳಿಯಿತು. ಬಾಗಿಲು ತಾನಾಗಿ ತೆರೆಯಿತು.

ಒಳಗೆ ಒಂದು ದೊಡ್ಡ ಹಜಾರ. ನಡುವೆ ಎತ್ತರದ ಪೀಠದಲ್ಲಿ ಮಧುಜಿಹ್ವ ಕೂತಿದ್ದ. ಎದುರಿಗೆ ಸಾಲುಸಾಲಾಗಿ ಬಾತು, ಗಿಣಿ, ಕುರಿ, ಮೇಕೆ. ಎಲ್ಲಕ್ಕಿಂತ ಮುಂದೆ ಕಿರೀಟದ ಕೋಣ. ಎಲ್ಲವೂ ಅವನತ್ತಲೇ ಮುಖ ಮಾಡಿ ಕೂತಿದ್ದವು. ಅವನು ಏನೋ ಹೇಳುತ್ತಿದ್ದ. ಒಂದೊಂದು ಮಾತಿಗೂ ನಿಲ್ಲಿಸಿ ಅವುಗಳ ಮುಖ ನೋಡುತ್ತಿದ್ದ. ಅವು ತಲೆ ಆಡಿಸುತ್ತಿದ್ದವು. ಅವನು ಮುಖ ಸಿಂಡರಿಸಿ ಮತ್ತೆ ಮೊದಲಿಂದ ಶುರುಮಾಡುತ್ತಿದ್ದ.

ಬಮ್ಮಲೆ ಕಂಬದ ಮರೆಯಲ್ಲಿ ನಿಂತು ನೋಡಿದಳು. ಒಬ್ಬ ಇಷ್ಟು ಜನರನ್ನು ಹಿಡಿದು ತಂದ. ತಿನ್ನಲಿಲ್ಲ, ಮಾರಲಿಲ್ಲ, ದುಡಿಸಲಿಲ್ಲ. ಎದುರಿಗೆ ಕೂರಿಸಿಕೊಂಡು ಮಾತಾಡುತ್ತಿದ್ದಾನೆ. ಅವರು ತಲೆ ಆಡಿಸಿದರೂ ಅವನಿಗೆ ಸಂತೋಷವಿಲ್ಲ. ಇವನಿಗೆ ಬೇಕಾದದ್ದು ಏನು?

ಅವಳಿಗೆ ಇನ್ನೊಂದು ಹೊಳೆಯಿತು. ಈ ಮಾಂತ್ರಿಕ ಎಲ್ಲರಿಂದ ಹೂಂ ಅನ್ನಿಸುತ್ತಾನೆ. ಆದರೆ ಅವನು ಮಾತ್ರ ಒಂದು ಸಲವೂ ಹೂಂ ಅಂದದ್ದಿಲ್ಲ. ಯಾಕೆ? ಹೂಂ ಅಂದವರು ಮಾತು ಹೇಳಿದವರ ವಶ ಅಂತ ಅವನೇ ಕೂಗಿ ಹೇಳಿದನಲ್ಲ. ಆ ಮಂತ್ರ ಅವನಿಗೂ ತಟ್ಟುತ್ತದೆಯೇನೋ.

ಅವಳು ಮುಂದೆ ಬಂದು ನೆಲದ ಮೇಲೆ ಕೂತಳು. ಅಳಿಲನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಬಂದೆಯಾ" ಅಂದ ಮಾಂತ್ರಿಕ. "ನಿನಗೆ ದಣಿವಾಗಿದೆ, ಅಲ್ಲವೇ?"

ಬಮ್ಮಲೆ ಉತ್ತರ ಕೊಡಲಿಲ್ಲ. "ನಿನಗೊಂದು ಕತೆ ಹೇಳಲಾ?" ಅಂದಳು.

ಮಾಂತ್ರಿಕನ ಹುಬ್ಬು ಮೇಲೇರಿತು. ಅವನನ್ನು ಹೀಗೆ ಯಾರೂ ಕೇಳಿರಲಿಲ್ಲ. "ಹೇಳು" ಅಂದ.

"ಒಂದು ಊರಲ್ಲಿ ಒಬ್ಬ ಹುಡುಗ ಇದ್ದ. ಅವನಿಗೆ ಬಹಳ ಮಾತು. ಬೆಳಿಗ್ಗೆ ಎದ್ದು ಕನಸು ಹೇಳುತ್ತಿದ್ದ. ಮನೆಯವರು ಅವನ ಕಡೆ ನೋಡದೆ ಹೂಂ ಅನ್ನುತ್ತಿದ್ದರು. ಮಧ್ಯಾಹ್ನ ಹಕ್ಕಿಗೂಡು ಕಂಡದ್ದು ಹೇಳುತ್ತಿದ್ದ. ಹೂಂ ಅನ್ನುತ್ತಿದ್ದರು. ಒಂದು ಸಂಜೆ ಹುಡುಗ, 'ನಾನು ಮನೆ ಬಿಟ್ಟು ಹೋಗುತ್ತೇನೆ' ಅಂದ." ಬಮ್ಮಲೆ ಅಲ್ಲಿಗೆ ನಿಲ್ಲಿಸಿ ಮಾಂತ್ರಿಕನ ಮುಖ ನೋಡಿದಳು. "ಮನೆಯವರು ಏನಂದಿರಬಹುದು?"

ಜೇನುಹುಳುಗಳ ಸದ್ದು ನಿಂತಿತು.

"ಹಾಗೆ ಕೇಳಿದರೆ ಹೇಗೆ? ಕತೆ ನಿನ್ನದು. ನೀನೇ ಹೇಳು" ಅಂದ ಮಾಂತ್ರಿಕ.

"ನಿನಗೆ ಏನನಿಸುತ್ತದೆ ಅಂತ ಕೇಳಿದೆ."

ಮಾಂತ್ರಿಕ ಪೀಠದಿಂದ ಎದ್ದ. ಮತ್ತೆ ಕೂತ. ಆಮೇಲೆ, ಸಿಹಿಯೇ ಇಲ್ಲದ ಸಣ್ಣ ದನಿಯಲ್ಲಿ, "ಅವರು ತಲೆ ಎತ್ತಿಯೂ ನೋಡಲಿಲ್ಲ. ಹುಡುಗ ನಡೆದುಬಿಟ್ಟ. ಕಾಡಿನಲ್ಲಿ ಜೇನುಹುಳುಗಳ ಹತ್ತಿರ ಮಂತ್ರ ಕಲಿತ" ಅಂದ.

"ಯಾಕೆ ಕಲಿತ?"

"ಎಲ್ಲರೂ ಅವನ ಮಾತು ಕೇಳಲಿ ಅಂತ."

"ಕೇಳಿದರಾ?"

ಮಾಂತ್ರಿಕ ಎದುರಿಗಿದ್ದ ಹಿಂಡಿನತ್ತ ನೋಡಿದ. ಬಮ್ಮಲೆ ಅಳಿಲನ್ನು ಎತ್ತಿಕೊಂಡು ಪೀಠದ ಹತ್ತಿರ ಹೋದಳು. ಅವನ ಕಣ್ಣನ್ನೇ ನೋಡುತ್ತ ಮೆಲ್ಲಗೆ ಹೇಳಿದಳು: "ಊರಿಗೆ ಊರೇ ಹೂಂ ಅಂದರೂ ಆ ಹುಡುಗನ ಮಾತನ್ನ ಯಾರೂ ಕೇಳಲಿಲ್ಲ. ಬರೀ ಹೂಂ ಅಂದರು. ಅವನಿಗೆ ಈಗಲೂ ಒಬ್ಬನೇ ಇದ್ದ ಹಾಗೆ ಅನಿಸುತ್ತದೆ. ಅಲ್ಲವೇ?"

ಮಧುಜಿಹ್ವ ತುಟಿ ಬಿಗಿಹಿಡಿದ. ಕಣ್ಣಿಂದ ಒಂದು ಹನಿ ಜಾರಿ ಶಾಲಿನ ಮೇಲೆ ಬಿತ್ತು.

"ಹೂಂ" ಅಂದ ಅವನು.

ಬೆಟ್ಟ ಒಮ್ಮೆ ಅಲುಗಿತು. ಬಮ್ಮಲೆಗೆ ತಾನು ಏನು ಹೇಳಬೇಕೆಂದು ಗೊತ್ತಿತ್ತು. "ಹಾಗಾದರೆ ಎಲ್ಲರೂ ಅವರವರ ರೂಪಕ್ಕೆ ಬರಲಿ. ನಿನ್ನ ಮಂತ್ರ ಇವತ್ತಿಗೆ ಮುಗಿಯಲಿ."

ಜೇನುಹುಳುಗಳು ಕಿಟಕಿಯಿಂದ ಕಾಡಿಗೆ ಹಾರಿಹೋದವು. ಗಿಣಿಗಳು ಮಕ್ಕಳಾದವು, ಬಾತುಗಳು ಕಾವಲುಗಾರರಾದವು, ಕುರಿ ಮೇಕೆಗಳು ಪೇಟೆಯ ಜನರಾದವು. ಹೊರಗಿದ್ದ ಆನೆ ಒಬ್ಬ ಮುದುಕನಾಗಿ ಒಳಗೆ ಬಂತು. ಅವನು ಆ ಕಾಡಿನಲ್ಲಿ ಬಹಳ ಹಿಂದೆ ಗೆಡ್ಡೆ ಅಗೆಯುತ್ತಿದ್ದವನು, ಹುದುಲಿನ ಗುಟ್ಟು ಬಲ್ಲವನು. ಅಳಿಲು ಬಮ್ಮಲೆಯ ತೋಳಿನಲ್ಲೇ ಕೇತಲತ್ತೆಯಾಯಿತು; ಕೇತಲತ್ತೆ ಅವಳನ್ನೂ ಸೇರಿಸಿಕೊಂಡು ನೆಲಕ್ಕೆ ಕುಸಿದಳು.

"ಏಳು ಅತ್ತೆ, ಉಸಿರು ಕಟ್ಟುತ್ತಿದೆ" ಅಂದಳು ಕೆಳಗಿದ್ದ ಬಮ್ಮಲೆ. ಕೇತಲತ್ತೆ ಏಳುವ ಬದಲು ಅವಳನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು.

"ಇಷ್ಟು ಕತೆ ಓದಿದವಳು ನಾನೇ ಹೂಂ ಅಂದುಬಿಟ್ಟೆನಲ್ಲ, ಮಗಳೇ."

"ನಾನು ಮುಳುಗಿದೆ ಅಂದರೆ ನಿನಗೆ ಯೋಚಿಸೋಕೆ ಎಲ್ಲಿ ಆಗುತ್ತದೆ? ಅವನಿಗೆ ಅದು ಗೊತ್ತಿತ್ತು" ಅಂದಳು ಬಮ್ಮಲೆ.

ಅರಸ ಧವಳಸೇನ ಮೈಯ ಕೆಸರು ಕೊಡವಿಕೊಂಡು ಎದ್ದ. ಕಾವಲುಗಾರರು ಓಡಿಬಂದು, "ಈ ಮಾಂತ್ರಿಕನಿಗೆ ಏನು ಶಿಕ್ಷೆ ಪ್ರಭು?" ಎಂದು ಕೇಳಿದರು. ಪೀಠದ ಮೇಲೆ ಈಗ ಮಾಂತ್ರಿಕನಿರಲಿಲ್ಲ. ಶಾಲು ಹೊದ್ದ ಒಬ್ಬ ಬಡಕಲು ಮನುಷ್ಯ ಕೂತಿದ್ದ. ಅರಸ ಬಾಯಿ ತೆರೆದ, ಮುಚ್ಚಿದ. ಮಗಳ ಕಡೆ ತಿರುಗಿದ. "ನಿನಗೇನನಿಸುತ್ತದೆ ಬಮ್ಮಲೆ?" ಎಂದು ಕೇಳಿದ. ಅರಸ ಒಬ್ಬರ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಆಶ್ಚರ್ಯವೆಂದರೆ ತಲೆನೋವು ಬರಲಿಲ್ಲ.

"ಅವನು ಎಲ್ಲರಿಗೂ ನೋವು ಕೊಟ್ಟಿದ್ದಾನೆ. ಆ ಆನೆಯಜ್ಜನ ಗಾಯ ವಾಸಿಯಾಗೋ ತನಕ ಇವನೇ ಆರೈಕೆ ಮಾಡಲಿ. ಆಮೇಲೆ ನಮ್ಮ ಊರಲ್ಲೇ ಇರಲಿ ಅಪ್ಪಾಜಿ. ಕೇಳೋರಿದ್ದರೆ ಇವನು ಹೀಗಾಗುತ್ತಿರಲಿಲ್ಲ."

ಹಾಗೇ ಆಯಿತು. ಎಲ್ಲರೂ ಊರಿಗೆ ಮರಳಿದರು. ಚೆಲುವಗಿರಿಯ ಪಾಠಶಾಲೆಯಲ್ಲಿ ದಿನಾ ಬೆಳಿಗ್ಗೆ ಕೇತಲತ್ತೆ ಓಲೆಗರಿ ಬಿಚ್ಚಿ ಕೂತಳು. ಮೊದಮೊದಲು ಮಕ್ಕಳು ಅಭ್ಯಾಸಬಲದಿಂದ ಹೂಂ ಅಂದು ನಾಲಗೆ ಕಚ್ಚಿಕೊಳ್ಳುತ್ತಿದ್ದರು. ಬರಬರುತ್ತ "ಯಾಕೆ?" ಅಂದರು. ಆಮೇಲೆ "ಹೇಗೆ ಗೊತ್ತು?" ಅಂದರು. ಕೊನೆಕೊನೆಗೆ, "ಅವನಿಗೆ ಹಾಗನಿಸುತ್ತದೆ, ನನಗೆ ಹೀಗನಿಸುತ್ತದೆ, ಓಲೆ ಕೊಡಿ ತೋರಿಸುತ್ತೇನೆ" ಎಂದು ಒಬ್ಬರ ಮೇಲೊಬ್ಬರು ಬಿದ್ದರು. ಗದ್ದಲ ಅರಮನೆಯ ತನಕ ಕೇಳುತ್ತಿತ್ತು. ಮಧುಜಿಹ್ವ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಅವನು ಏನಾದರೂ ಹೇಳಿದರೆ ಪಕ್ಕದ ಪುಟ್ಟ ಹುಡುಗಿಯೊಬ್ಬಳು ತಪ್ಪದೆ ಜಗಳವಾಡುತ್ತಿದ್ದಳು. ಅಂಥ ದಿನ ಅವನು ಮನೆಗೆ ಹಾಡಿಕೊಳ್ಳುತ್ತ ಹೋಗುತ್ತಿದ್ದ.

ಒಂದು ಸಂಜೆ ಅರಸ ಮಗಳ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಒಂದು ಓಲೆಯ ಕಟ್ಟಿತ್ತು. "ಬಮ್ಮಲೆ, ನನಗೆ ಇದನ್ನು ಓದಿ ಹೇಳುತ್ತೀಯಾ?" ಅಂದ. ಬಮ್ಮಲೆ ಜರುಗಿ ಜಾಗ ಕೊಟ್ಟಳು. ಅದು ಒಬ್ಬ ದೋಣಿಯವನ ಕತೆ. ಒಬ್ಬ ವ್ಯಾಪಾರಿ ಎಷ್ಟು ಬೇಡಿಕೊಂಡರೂ ಅವನು ಹೊಳೆ ದಾಟಿಸಲಿಲ್ಲ. ಅಲ್ಲಿಗೆ ಬಮ್ಮಲೆ ಓಲೆ ಮುಚ್ಚಿ, ಅಪ್ಪನ ಮುಖ ನೋಡಿದಳು. ಅರಸ ಗಡ್ಡ ಕೆರೆದುಕೊಂಡ, ಚಾವಣಿ ನೋಡಿದ, ದೀಪ ನೋಡಿದ. ಊಟದ ಗಂಟೆ ಹೊಡೆಯಿತು, ಅವನು ಏಳಲಿಲ್ಲ.

"ಇನ್ನೊಂದು ಸಲ ಹಿಂದಿನ ಓಲೆ ತೆಗಿ" ಅಂದ. "ದೋಣಿಯವನು ಮೊದಲು ಆ ವ್ಯಾಪಾರಿಯ ಕೈ ನೋಡಿದ ಅಂತ ಇತ್ತಲ್ಲ, ಅದು ಯಾಕೆ?"

ಅಪ್ಪ ಮಗಳು ತಲೆಗೆ ತಲೆ ತಾಗಿಸಿ ಓಲೆಯ ಮೇಲೆ ಬಾಗಿದರು. ಅಡುಗೆಯವರು ಅನ್ನವನ್ನು ಎರಡು ಸಲ ಬಿಸಿಮಾಡಿದರು.

ಆಮೇಲೆ ಚೆಲುವಗಿರಿಯಲ್ಲಿ ಕೆರೆ ತುಂಬಿತು, ಕಣಜ ತುಂಬಿತು, ಮನೆಮನೆಯಲ್ಲಿ ಮಾತು ತುಂಬಿತು. ಅವರೆಲ್ಲ ನೂರು ಕಾಲ ಸುಖವಾಗಿ ಬಾಳಿದರು. ಹೌದೋ ಅಲ್ಲವೋ ಎಂದು ನೀವು ಕೇಳಿದರೆ, ಅವರಿಗೆ ಇನ್ನೂ ಸಂತೋಷ.